ಯಂತ್ರಕ್ಕೆ ತಕ್ಕ ತಿರುಳು

ಒಂದು ಮೀಟರು ಎತ್ತರದಿಂದ ಬಿಟ್ಟ ಉಕ್ಕಿನ ಗುಂಡು ನೆಲವನ್ನು ಮುಟ್ಟಲು ಎಷ್ಟು ಕಾಲ ಹಿಡಿಯುವುದು? ಸುಮಾರು ೦.೪೫೨ ಸೆಕೆಂಡು. ಈ ಕಾಲವನ್ನು ಅಳೆದು, ಅದರಿಂದ ಭೂಮಿಯ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವುದು ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪಾಠ. ನಮ್ಮಲ್ಲಿ ಈ ಕೆಲಸಕ್ಕೆ ಅಂಗೈಯಗಲದ ಒಂದು ಗಣಕವನ್ನು ನಿಯಮಿಸಿದ್ದೇವೆ. ವಿದ್ಯುತ್ಕಾಂತದ ಹಿಡಿತವನ್ನು ಸಡಿಲಿಸಿ ಗುಂಡನ್ನು ಬಿಡುವುದು ಅದೇ. ಗುಂಡು ಕೆಳಗಿನ ಬೆಳಕಿನ ಕಿರಣವನ್ನು ಕಡಿದ ಕ್ಷಣವನ್ನು ಗುರುತಿಸಿಕೊಳ್ಳುವುದೂ ಅದೇ. ಆದರೆ ಆ ಕ್ಷಣವನ್ನು ಗಣಕವು ಐದು ಮಿಲಿಸೆಕೆಂಡು ತಡವಾಗಿ ಗಮನಿಸಿತೆನ್ನೋಣ. ಆಗ ಉತ್ತರವು ೯.೮೦ ಆಗುವ ಬದಲು ೯.೫೯ ಆಗುವುದು. ಗುಂಡೂ ತಪ್ಪಲಿಲ್ಲ, ಭೂಮಿಯೂ ತಪ್ಪಲಿಲ್ಲ. ತಪ್ಪಿದುದು ಯಂತ್ರದ ಗಮನ.

ಬಿಡುವಿದ್ದಾಗ ಸರಿಯಾಗಿಯೇ ಅಳೆಯುತ್ತಿದ್ದ ನಮ್ಮ ಗಣಕ, ಬೇರೆ ಕೆಲಸಗಳು ಕೂಡಿಬಂದೊಡನೆ ಹೀಗೆ ಎಡವುತ್ತಿತ್ತು. ವಿದ್ಯಾರ್ಥಿಗಳು ತಮ್ಮ ಕೈಚಳಕದ ದೋಷವೆಂದು ನೊಂದುಕೊಳ್ಳುತ್ತಿದ್ದರು. ದೋಷವು ಅವರದಲ್ಲ, ಗಣಕವನ್ನು ಆಳುವ ಕ್ರಮವಿಧಿಯದು ಎಂದು ತಿಳಿದಾಗ, ಆ ಕ್ರಮವಿಧಿಯನ್ನೇ ಈ ಯಂತ್ರಕ್ಕೆ ತಕ್ಕಂತೆ ಹೊಸದಾಗಿ ಕಟ್ಟಿಕೊಳ್ಳಲು ನಾವು ಹೊರಟೆವು. ಆ ಕೆಲಸದ ಸ್ವರೂಪವನ್ನು ವಾಚಕರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ತಿರುಳೆಂದರೇನು?

ಗಣಕದಲ್ಲಿ ನಾವು ಬರೆಯುವ, ಓದುವ, ಲೆಕ್ಕಮಾಡುವ ಕ್ರಮವಿಧಿಗಳೆಲ್ಲ ಮೇಲಿನ ಪದರದವು. ಅವುಗಳಲ್ಲಿ ಯಾವುದೂ ಯಂತ್ರದ ಅಂಗಾಂಗಗಳನ್ನು ನೇರವಾಗಿ ಮುಟ್ಟುವಂತಿಲ್ಲ. ಮುಟ್ಟಬೇಕಾದರೆ ಕಾರ್ಯಾಚರಣೆ ವ್ಯವಸ್ಥೆಯ ಒಳಭಾಗವಾದ ಕರ್ನೆಲಿನ ಅಪ್ಪಣೆ ಬೇಕು. ಕರ್ನೆಲ್ ಎಂದರೆ ಕಾಯಿಯೊಳಗಿನ ತಿರುಳು. ಯಾವ ಕೆಲಸಕ್ಕೆ ಪ್ರೊಸೆಸರನ್ನು ಎಷ್ಟು ಹೊತ್ತು ಕೊಡಬೇಕು, ಸ್ಮೃತಿಯಲ್ಲಿ ಯಾರಿಗೆ ಎಷ್ಟು ಜಾಗ, ಕೀಲಿಮಣೆಯಿಂದ ಬಂದ ಅಕ್ಷರ ಯಾರಿಗೆ ಸಲ್ಲಬೇಕು—ಇವೆಲ್ಲವನ್ನೂ ತೀರ್ಮಾನಿಸುವುದು ಈ ತಿರುಳೇ.

ಲಿನಕ್ಸ್ ಎಂಬ ಹೆಸರಿನ ತಿರುಳನ್ನು ೧೯೯೧ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ ಬರೆಯತೊಡಗಿದರು. ಅಂದು ಅದು ಅವರ ಮೇಜಿನ ಮೇಲಿದ್ದ ಇಂಟೆಲ್ ೩೮೬ ಪ್ರೊಸೆಸರಿಗಾಗಿಯೇ ಹುಟ್ಟಿದ್ದು. ೧೯೯೫ರ ೧.೨ನೆಯ ಆವೃತ್ತಿಯ ಹೊತ್ತಿಗೆ ಆಲ್ಫಾ, ಸ್ಪಾರ್ಕ್, ಮಿಪ್ಸ್ ಎಂಬ ಬೇರೆ ವಿನ್ಯಾಸಗಳ ಮೇಲೂ ಅದು ನಡೆಯತೊಡಗಿತ್ತು. ಇಂದು ಅದರ ಮೂಲಪಾಠ ಮೂರು ಕೋಟಿ ಸಾಲುಗಳನ್ನು ಮೀರಿದೆ. ಯಾರು ಬೇಕಾದರೂ ಆ ಪಾಠವನ್ನು ತರಿಸಿಕೊಂಡು, ತಮಗೆ ಬೇಕಾದುದನ್ನು ಆಯ್ದು, ತಮ್ಮ ಯಂತ್ರಕ್ಕೆ ಹೊಂದುವ ತಿರುಳನ್ನು ಕಟ್ಟಿಕೊಳ್ಳಬಹುದು.

ಪ್ರೊಸೆಸರುಗಳ ನುಡಿಭೇದ

‘ವಿನ್ಯಾಸ’ ಎಂದೆವಷ್ಟೆ. ಪ್ರೊಸೆಸರು ತಿಳಿಯಬಲ್ಲ ಆಜ್ಞೆಗಳು ಯಾವುವು, ಅದರ ರಿಜಿಸ್ಟರುಗಳು ಎಷ್ಟು, ಅದು ಸ್ಮೃತಿಯನ್ನು ನೋಡುವ ಬಗೆ ಯಾವುದು ಎಂಬ ಒಟ್ಟು ಒಪ್ಪಂದವೇ ವಿನ್ಯಾಸ. ನಮ್ಮ ಮೇಜಿನ ಗಣಕಗಳಲ್ಲಿ ಇಂಟೆಲ್ ವಂಶದ ವಿನ್ಯಾಸವಿದೆ. ಪ್ರಯೋಗಶಾಲೆಯ ಪುಟ್ಟ ಫಲಕ ರಾಸ್ಪ್‌ಬೆರಿ ಪೈ ೪. ೨೦೧೯ರಲ್ಲಿ ಹೊರಬಂದ ಈ ಫಲಕದಲ್ಲಿ ಆರ್ಮ್ ವಂಶದ ಕಾರ್ಟೆಕ್ಸ್-ಎ೭೨ ಎಂಬ ನಾಲ್ಕು ಪ್ರೊಸೆಸರುಗಳಿವೆ. ಒಂದರ ಆಜ್ಞೆ ಇನ್ನೊಂದಕ್ಕೆ ಅರ್ಥವಾಗದು.

ಭೇದವು ಆಜ್ಞೆಗಳಿಗಷ್ಟೇ ಸೀಮಿತವಲ್ಲ. ಕನ್ನಡದಲ್ಲಿ ನಾವು ‘ಇಪ್ಪತ್ತೊಂದು’ ಎನ್ನುವೆವು. ದೊಡ್ಡ ಅಂಕಿ ಮೊದಲು, ಚಿಕ್ಕದು ಅನಂತರ. ಸಂಸ್ಕೃತದಲ್ಲಿ ‘ಏಕವಿಂಶತಿ’ ಎನ್ನುವಾಗ ಚಿಕ್ಕದೇ ಮೊದಲು. ಪ್ರೊಸೆಸರುಗಳಲ್ಲಿಯೂ ಇಂಥ ಎರಡು ಸಂಪ್ರದಾಯಗಳುಂಟು. ಒಂದು ಸಂಖ್ಯೆಯನ್ನು ಹಲವು ಬೈಟುಗಳಲ್ಲಿ ಇಡಬೇಕಾದಾಗ, ಐ.ಬಿ.ಎಂ.ನ ದೊಡ್ಡ ಯಂತ್ರಗಳು ಹಿರಿಯ ಬೈಟನ್ನು ಮೊದಲಿಡುವುವು. ಇಂಟೆಲ್ ಯಂತ್ರಗಳು ಕಿರಿಯದನ್ನು ಮೊದಲಿಡುವುವು. ೧ ಮತ್ತು ೨ ಎಂಬ ಎರಡು ಬೈಟುಗಳನ್ನು ಹಿರಿಯದು ಮೊದಲೆಂದು ಓದಿದರೆ ೨೫೮ ಆಗುವುದು. ಕಿರಿಯದು ಮೊದಲೆಂದು ಓದಿದರೆ ೫೧೩. ಗಲಿವರನ ಕತೆಯಲ್ಲಿ ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಹೊಡೆದಾಡುವ ಜನರ ಹೆಸರನ್ನೇ ೧೯೮೦ರಲ್ಲಿ ಡ್ಯಾನಿ ಕೊಹೆನ್ ಎಂಬ ವಿಜ್ಞಾನಿ ಈ ಎರಡು ಪಂಗಡಗಳಿಗೂ ಇಟ್ಟರು.

ಸ್ಮೃತಿಯ ವಿಚಾರದಲ್ಲಿಯೂ ಇಂಥದೇ ಭೇದ. ತಿರುಳು ಸ್ಮೃತಿಯನ್ನು ಪುಟಗಳಾಗಿ ವಿಂಗಡಿಸಿ ಹಂಚುವುದು. ೬೪ ಬಿಟ್ಟಿನ ಆರ್ಮ್ ವಿನ್ಯಾಸದಲ್ಲಿ ಪುಟದ ಅಳತೆ ೪, ೧೬ ಅಥವಾ ೬೪ ಕಿಲೋಬೈಟು ಇರಬಹುದು. ತಿರುಳನ್ನು ಕಟ್ಟುವಾಗಲೇ ಇವುಗಳಲ್ಲೊಂದನ್ನು ಆರಿಸಿ ಹೇಳಬೇಕು. ನಾಲ್ಕು ಗಿಗಾಬೈಟು ಸ್ಮೃತಿಯಲ್ಲಿ ೪ ಕಿಲೋಬೈಟಿನ ಪುಟಗಳು ೧೦,೪೮,೫೭೬ ಆಗುವುವು. ೬೪ ಕಿಲೋಬೈಟಿನವಾದರೆ ೬೫,೫೩೬ ಮಾತ್ರ. ಪುಟಗಳು ಕಡಿಮೆಯಾದರೆ ಅವುಗಳ ಲೆಕ್ಕವಿಡುವ ಶ್ರಮವೂ ಕಡಿಮೆ. ಆದರೆ ಒಂದು ಕಿಲೋಬೈಟಿನ ಚಿಕ್ಕ ಕಡತಕ್ಕೂ ಒಂದು ಇಡೀ ಪುಟವನ್ನು ಕೊಡಬೇಕಾಗುವುದರಿಂದ ಜಾಗ ಪೋಲಾಗುವುದು. ಎಲ್ಲ ಪ್ರೊಸೆಸರುಗಳೂ ಎಲ್ಲ ಅಳತೆಗಳನ್ನು ಬಲ್ಲವೆಂದೂ ಅಲ್ಲ. ರಾಸ್ಪ್‌ಬೆರಿ ಪೈ ೫ಕ್ಕೆಂದು ಅದರ ತಯಾರಕರು ಕೊಡುವ ತಿರುಳು ೧೬ ಕಿಲೋಬೈಟಿನ ಪುಟಗಳದು. ಪೈ ೪ರ ಪ್ರೊಸೆಸರಿಗೆ ಆ ಅಳತೆಯೇ ತಿಳಿಯದಾದುದರಿಂದ ಅದು ಅಲ್ಲಿ ನಡೆಯದು. ಒಂದೇ ವಂಶ, ಒಂದೇ ಮನೆತನ. ಆದರೂ ಅಣ್ಣನ ಅಂಗಿ ತಮ್ಮನಿಗಾಗಲಿಲ್ಲ.

ಸಾವಿರಾರು ಪ್ರಶ್ನೆಗಳು

ತಿರುಳನ್ನು ಕಟ್ಟುವ ಮೊದಲು ಅದರ ಪ್ರಶ್ನಾವಳಿಗೆ ಉತ್ತರ ಕೊಡಬೇಕು. ಪ್ರಶ್ನೆಗಳು ಹದಿನೈದು ಸಾವಿರಕ್ಕೂ ಮಿಕ್ಕಿವೆ. ಒಂದೊಂದಕ್ಕೂ ಎರಡೇ ಉತ್ತರಗಳೆಂದಿಟ್ಟುಕೊಂಡರೂ, ಒಟ್ಟು ಸಾಧ್ಯತೆಗಳ ಸಂಖ್ಯೆಯನ್ನು ಬರೆಯಲು ನಾಲ್ಕೂವರೆ ಸಾವಿರ ಅಂಕಿಗಳು ಬೇಕಾಗುವುವು. ಚದುರಂಗದ ಅರುವತ್ತನಾಲ್ಕು ಮನೆಗಳಿಗೆ ಕಾಳು ಇಡಿಸಿದ ಹಳೆಯ ಕತೆಯ ರಾಜನು ಇದರ ಮುಂದೆ ಬಹು ಅಗ್ಗವಾಗಿ ಪಾರಾದನೆನ್ನಬೇಕು.

ಪುಣ್ಯಕ್ಕೆ ಎಲ್ಲವನ್ನೂ ನಾವೇ ಉತ್ತರಿಸಬೇಕಾಗಿಲ್ಲ. ಪ್ರತಿಯೊಂದು ವಿನ್ಯಾಸಕ್ಕೂ ಬಲ್ಲವರು ಸಿದ್ಧಪಡಿಸಿಟ್ಟ ಒಂದು ಉತ್ತರಪಟ್ಟಿಯಿರುವುದು; ಅದನ್ನು ಮೊದಲು ಹಾಸಿಕೊಂಡು, ಬೇಕಾದೆಡೆ ಮಾತ್ರ ತಿದ್ದಿದರಾಯಿತು. ೨೦೦೨ರಿಂದ ಬಳಕೆಗೆ ಬಂದ ಕೆ-ಕಾನ್ಫಿಗ್ ಎಂಬ ಕಿರುಭಾಷೆಯಲ್ಲಿ ಪ್ರಶ್ನೆಗಳ ಪರಸ್ಪರ ಸಂಬಂಧವನ್ನೂ ಬರೆದಿಡಲಾಗಿದೆ. ಒಂದು ಸೌಲಭ್ಯ ಬೇಕೆಂದರೆ ಅದಕ್ಕೆ ಆಧಾರವಾದ ಇನ್ನೊಂದು ಇರಲೇಬೇಕು. ಆಧಾರವಿಲ್ಲದಿದ್ದರೆ ಆ ಪ್ರಶ್ನೆ ನಮ್ಮ ಕಣ್ಣಿಗೇ ಬೀಳದು. ಆರ್ಮ್ ವಿನ್ಯಾಸವನ್ನು ಆರಿಸಿದವನಿಗೆ ಇಂಟೆಲ್ ಪ್ರೊಸೆಸರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಗಳು ಎದುರಾಗವು.

ಅನೇಕ ಪ್ರಶ್ನೆಗಳಿಗೆ ಎರಡಲ್ಲ, ಮೂರು ಉತ್ತರಗಳುಂಟು: ‘ಬೇಕು’, ‘ಬೇಡ’, ‘ಬೇಕಾದಾಗ ತಂದುಕೊಳ್ಳುವೆ’. ಮೊದಲನೆಯದನ್ನು ಹೇಳಿದರೆ ಆ ಭಾಗವು ತಿರುಳಿನಲ್ಲಿಯೇ ಬೆಸೆದುಕೊಳ್ಳುವುದು. ಮೂರನೆಯದನ್ನು ಹೇಳಿದರೆ ಅದು ಮಾಡ್ಯೂಲ್ ಎಂಬ ಪ್ರತ್ಯೇಕ ಕಡತವಾಗಿ ಉಳಿದು, ಅಗತ್ಯ ಬಿದ್ದಾಗ ಮಾತ್ರ ಸ್ಮೃತಿಗೆ ಬರುವುದು. ದಿನವೂ ಬಳಸುವ ಪಾತ್ರೆ ಅಡುಗೆಮನೆಯಲ್ಲಿ, ಮದುವೆಯ ಕೊಪ್ಪರಿಗೆ ಅಟ್ಟದ ಮೇಲೆ—ಈ ವ್ಯವಸ್ಥೆ ನಮ್ಮ ಗೃಹಿಣಿಯರಿಗೆ ಹೊಸದಲ್ಲ.

ಉತ್ತರಗಳು ಮುಗಿದ ಮೇಲೆ ಕಂಪೈಲರು ಮೂಲಪಾಠವನ್ನು ಯಂತ್ರದ ನುಡಿಗೆ ತಿರುಗಿಸುವುದು. ಪುಟ್ಟ ಫಲಕದಲ್ಲಿಯೇ ಈ ಕೆಲಸಕ್ಕೆ ತೊಡಗಿದರೆ ಗಂಟೆಗಟ್ಟಲೆ ಕಾಯಬೇಕಾದೀತೆಂದು, ನಾವು ಮೇಜಿನ ಇಂಟೆಲ್ ಗಣಕದಲ್ಲಿ ಕುಳಿತು ಆರ್ಮ್ ನುಡಿಯನ್ನು ಬರೆಯಬಲ್ಲ ಕಂಪೈಲರನ್ನು ಬಳಸಿದೆವು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ‘ಇದು ಆರ್ಮ್ ಯಂತ್ರಕ್ಕೆ’ ಎಂಬುದನ್ನು ಒಮ್ಮೆ ಹೇಳಿದರೆ ಸಾಲದು, ಪ್ರತಿಯೊಂದು ಹಂತದಲ್ಲಿಯೂ ಹೇಳಬೇಕು. ಮರೆತರೆ, ಕಟ್ಟುವ ಸಾಧನವು ತಾನು ಕುಳಿತಿರುವ ಇಂಟೆಲ್ ಯಂತ್ರಕ್ಕೇ ತಿರುಳನ್ನು ಕಟ್ಟಬೇಕೆಂದು ತಿಳಿದು, ನಾವು ಆರಿಸಿದ್ದ ಆರ್ಮ್ ಉತ್ತರಗಳನ್ನೆಲ್ಲ ಪಟ್ಟಿಯಿಂದ ಅಳಿಸಿಬಿಡುವುದು. ಒಂದು ಸಂಜೆಯ ದುಡಿಮೆಯನ್ನು ನಾವು ಹೀಗೆ ಕಳೆದುಕೊಂಡೆವು.

ಪೆಟ್ಟಿಗೆಯೊಳಗಿನ ಬೀಗದ ಕೈ

ಇದಕ್ಕಿಂತ ದೊಡ್ಡ ಸೋಲು ಮುಂದೆ ಕಾದಿತ್ತು. ತಿರುಳು ಆದಷ್ಟು ಚಿಕ್ಕದಾಗಲೆಂಬ ಹಂಬಲದಿಂದ ನಾವು ಕಂಡಕಂಡುದಕ್ಕೆಲ್ಲ ‘ಬೇಡ’ ಎಂದೋ ‘ಬೇಕಾದಾಗ ತಂದುಕೊಳ್ಳುವೆ’ ಎಂದೋ ಉತ್ತರಿಸಿದ್ದೆವು. ಹೊಸ ತಿರುಳನ್ನು ಸ್ಮೃತಿಪತ್ರದಲ್ಲಿ ಇಟ್ಟು ವಿದ್ಯುತ್ತನ್ನು ಹರಿಸಿದಾಗ ಪರದೆ ಕಪ್ಪಾಗಿಯೇ ಉಳಿಯಿತು. ಸುತ್ತ ನಿಂತಿದ್ದ ವಿದ್ಯಾರ್ಥಿಗಳು ನಮ್ಮ ಮುಖವನ್ನೂ ಪರದೆಯನ್ನೂ ಸರದಿಯಾಗಿ ನೋಡಿದರು.

ಇಂಥ ಸಂದರ್ಭದಲ್ಲಿ ನೆರವಿಗೆ ಬರುವುದು ಸೀರಿಯಲ್ ತಂತಿ. ಪರದೆಯನ್ನು ಬೆಳಗಿಸಲು ತಿರುಳಿನ ಅನೇಕ ಭಾಗಗಳು ಎಚ್ಚರಗೊಳ್ಳಬೇಕು. ತಂತಿಯಲ್ಲಿ ಒಂದೊಂದೇ ಅಕ್ಷರವನ್ನು ಕಳುಹಿಸಲು ಬಲು ಸ್ವಲ್ಪ ಸಿದ್ಧತೆ ಸಾಕು. ಸೆಕೆಂಡಿಗೆ ೧,೧೫,೨೦೦ ಬಿಟ್ಟುಗಳ ವೇಗಕ್ಕೆ ಹೊಂದಿಸಿ ತಂತಿಯ ಮತ್ತೊಂದು ತುದಿಯನ್ನು ಮೇಜಿನ ಗಣಕಕ್ಕೆ ಸೇರಿಸಿದಾಗ, ಯಂತ್ರವು ಸತ್ತಿರಲಿಲ್ಲ, ತನ್ನ ಕಷ್ಟವನ್ನು ಹೇಳಿಕೊಳ್ಳುತ್ತಿತ್ತು ಎಂದು ತಿಳಿಯಿತು. ಪ್ರೊಸೆಸರುಗಳನ್ನು ಗುರುತಿಸಿ, ಸ್ಮೃತಿಯನ್ನು ಎಣಿಸಿ, ಸ್ಮೃತಿಪತ್ರವನ್ನೂ ಪತ್ತೆಮಾಡಿದ ಮೇಲೆ, ಮೂಲ ಕಡತವ್ಯವಸ್ಥೆಯನ್ನು ತೆರೆಯಲಾರೆನೆಂದು ಅದು ಕೈಚೆಲ್ಲಿ ಕುಳಿತಿತ್ತು.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ಸ್ಮೃತಿಪತ್ರದಲ್ಲಿ ಎರಡು ಭಾಗಗಳಿವೆ. ಮೊದಲನೆಯದರಿಂದ ತಿರುಳನ್ನು ಎತ್ತಿ ಸ್ಮೃತಿಯಲ್ಲಿಡುವುದು ಫಲಕದ ತಯಾರಕರೇ ಕೊಟ್ಟ ಚಿಕ್ಕ ಕ್ರಮವಿಧಿ. ಎರಡನೆಯ ಭಾಗವನ್ನು ತಿರುಳು ತಾನೇ ಓದಬೇಕು. ಅದು ಬರೆಯಲ್ಪಟ್ಟಿರುವುದು ಎಕ್ಸ್ಟ್-೪ ಎಂಬ ಕ್ರಮದಲ್ಲಿ. ಆ ಕ್ರಮವನ್ನು ಓದುವ ಜ್ಞಾನವನ್ನು ನಾವು ಮಾಡ್ಯೂಲಾಗಿ ಹೊರಗಿಟ್ಟಿದ್ದೆವು, ಹೊರಗೆಂದರೆ ಎಲ್ಲಿ? ಆ ಎರಡನೆಯ ಭಾಗದಲ್ಲಿಯೇ! ಬೀಗದ ಕೈಯನ್ನು ಪೆಟ್ಟಿಗೆಯೊಳಗೆ ಹಾಕಿ ಬೀಗ ಒತ್ತಿದವನ ಪಾಡು ನಮ್ಮದಾಯಿತು. ಸಾಮಾನ್ಯವಾಗಿ ಇಂಥ ಮಾಡ್ಯೂಲುಗಳನ್ನು ಚಿಕ್ಕದೊಂದು ಬುತ್ತಿಯಂತೆ ಕಟ್ಟಿ ತಿರುಳಿನ ಜೊತೆಯಲ್ಲಿಯೇ ಕಳುಹಿಸುವ ಪದ್ಧತಿಯುಂಟು. ಆ ಬುತ್ತಿಯಿಲ್ಲದೆ ಹೊರಟವರು ಕಡತವ್ಯವಸ್ಥೆಯ ಪ್ರಶ್ನೆಗೆ ‘ಬೇಕು’ ಎಂದೇ ಉತ್ತರಿಸತಕ್ಕದ್ದು. ಉತ್ತರವನ್ನು ತಿದ್ದಿ ಮತ್ತೆ ಕಟ್ಟಿದಾಗ ಯಂತ್ರ ಎದ್ದು ನಿಂತಿತು.

ಯಂತ್ರದ ನಕಾಶೆ

ಪ್ರೊಸೆಸರಿನ ನುಡಿ ತಿಳಿದ ಮಾತ್ರಕ್ಕೆ ಫಲಕದ ಮೇಲೆ ಯಾವ ಅಂಗ ಎಲ್ಲಿದೆಯೆಂಬುದು ತಿಳಿದಂತಾಗಲಿಲ್ಲ. ಮೇಜಿನ ಗಣಕಗಳಲ್ಲಿ ಇದನ್ನು ತಿಳಿಸಿಕೊಡುವ ರೂಢಿಯ ಏರ್ಪಾಡುಗಳಿವೆ. ಆರ್ಮ್ ಫಲಕಗಳಲ್ಲಿ ಬಹುಕಾಲ ಅಂಥದಿರಲಿಲ್ಲ. ಒಂದೊಂದು ಫಲಕದ ವಿವರವನ್ನೂ ತಿರುಳಿನ ಮೂಲಪಾಠದಲ್ಲಿಯೇ ಬರೆದು ತುಂಬಲಾಗುತ್ತಿತ್ತು. ಈ ಗೊಂದಲವು ಮಿತಿಮೀರಿದಾಗ ೨೦೧೧ರಲ್ಲಿ ಟೋರ್ವಾಲ್ಡ್ಸ್ ತಮ್ಮ ಅಸಮಾಧಾನವನ್ನು ಬಹಿರಂಗವಾಗಿ ತೋಡಿಕೊಂಡರು. ಅಲ್ಲಿಂದೀಚೆಗೆ ಆರ್ಮ್ ಪಂಗಡದವರು ‘ಡಿವೈಸ್ ಟ್ರೀ’ ಎಂಬ ಕ್ರಮವನ್ನು ಅನುಸರಿಸತೊಡಗಿದರು. ಇದು ಫಲಕದ ಅಂಗಗಳ ಹೆಸರು, ವಿಳಾಸ, ಸಂಬಂಧಗಳನ್ನು ಕೊಂಬೆರೆಂಬೆಗಳ ರೂಪದಲ್ಲಿ ಬರೆದ ನಕಾಶೆ. ತಿರುಳು ಏಳುವ ಹೊತ್ತಿಗೆ ಇದನ್ನು ಅದರ ಕೈಗಿಡಲಾಗುವುದು. ಇದರಿಂದಾಗಿ ಒಂದೇ ತಿರುಳು, ಬೇರೆ ಬೇರೆ ನಕಾಶೆಗಳನ್ನು ಹಿಡಿದು, ಅನೇಕ ಫಲಕಗಳನ್ನು ಆಳಬಲ್ಲುದು. ತಿರುಳಿನಲ್ಲಿರಬೇಕಾದುದು ಯಾವುದು, ನಕಾಶೆಯಲ್ಲಿರಬೇಕಾದುದು ಯಾವುದು ಎಂಬ ವಿವೇಕವೇ ಈ ವಿದ್ಯೆಯ ಮುಖ್ಯ ಭಾಗವೆನ್ನಬಹುದು.

ತಡವಾಗದ ಗಮನ

ಇನ್ನು ನಮ್ಮ ಗುಂಡಿನ ವಿಷಯಕ್ಕೆ ಬರೋಣ. ಸಾಧಾರಣ ತಿರುಳು ಕೆಲವು ಕೆಲಸಗಳಲ್ಲಿ ತೊಡಗಿದಾಗ, ಅವು ಮುಗಿಯುವವರೆಗೆ ಬೇರೆ ಯಾರ ಕರೆಗೂ ಓಗೊಡದು. ಇದರಿಂದ ಒಟ್ಟು ಕೆಲಸ ಬೇಗ ಸಾಗುವುದು ನಿಜ. ಆದರೆ ತುರ್ತಿನ ಕರೆ ಕಾಯಬೇಕಾಗುವುದು. ಈ ತೊಡಕನ್ನು ನಿವಾರಿಸುವ ಪ್ರಯತ್ನ ಸುಮಾರು ಇಪ್ಪತ್ತು ವರ್ಷ ಪ್ರತ್ಯೇಕವಾಗಿ ನಡೆದು, ೨೦೨೪ರ ನವೆಂಬರಿನಲ್ಲಿ ಹೊರಬಂದ ೬.೧೨ನೆಯ ಆವೃತ್ತಿಯಲ್ಲಿ ಮುಖ್ಯ ತಿರುಳಿನೊಡನೆ ಕೂಡಿಕೊಂಡಿತು. ಈ ಏರ್ಪಾಡಿನಲ್ಲಿ ತಿರುಳಿನ ಹೆಚ್ಚಿನ ಕೆಲಸಗಳನ್ನು ನಡುವೆಯೇ ನಿಲ್ಲಿಸಿ, ತುರ್ತಿನದನ್ನು ಮುಂದೆ ಬಿಡಬಹುದು. ವೇಗ ಹೆಚ್ಚುವುದೆಂದು ವಾಚಕರು ಭಾವಿಸಬಾರದು. ಒಟ್ಟು ವೇಗ ಕೊಂಚ ಕುಗ್ಗಲೂಬಹುದು. ದೊರೆಯುವ ಲಾಭವೆಂದರೆ ತಡಕ್ಕೊಂದು ಮಿತಿ.

ಇಲ್ಲಿಯೂ ವಿನ್ಯಾಸದ ಮಾತೇ ಕಡೆಯ ಮಾತು. ೬.೧೨ರಲ್ಲಿ ಈ ಸೌಲಭ್ಯಕ್ಕೆ ಒಪ್ಪಿಗೆಯಿತ್ತ ವಿನ್ಯಾಸಗಳು ಇಂಟೆಲ್ ವಂಶ, ೬೪ ಬಿಟ್ಟಿನ ಆರ್ಮ್ ಮತ್ತು ರಿಸ್ಕ್-ಫೈವ್. ಅದೇ ಪುಟ್ಟ ಫಲಕವನ್ನು ೩೨ ಬಿಟ್ಟಿನ ರೀತಿಯಲ್ಲಿ ನಡೆಸಹೊರಟರೆ, ಆ ಆವೃತ್ತಿಯ ಪ್ರಶ್ನಾವಳಿಯಲ್ಲಿ ಈ ಪ್ರಶ್ನೆಯೇ ಇರದು. ೬೪ ಬಿಟ್ಟಿನಲ್ಲಿಯೂ, ‘ನಾನು ಬಲ್ಲವನು’ ಎಂಬರ್ಥದ ಇನ್ನೊಂದು ಪ್ರಶ್ನೆಗೆ ಮೊದಲು ಒಪ್ಪಿಕೊಂಡ ಮೇಲೆಯೇ ಅದು ಕಾಣಿಸುವುದು. ಪೆಟ್ಟಿಗೆಯ ಪ್ರಸಂಗದ ನೆನಪು ಇನ್ನೂ ಹಸಿಯಾಗಿದ್ದ ನಾವು ತುಸು ಸಂಕೋಚದಿಂದಲೇ ‘ಹೌದು’ ಎಂದೆವು.

ಇಂಥ ಆಯ್ಕೆಗಳು ಒಂದು ಪ್ರಯೋಗಶಾಲೆಯ ಮಟ್ಟಿಗೆ ಮುಗಿಯುವ ಮಾತಲ್ಲ. ಲಿನಕ್ಸಿನ ತವರೇ ಆಗಿದ್ದ ೩೮೬ ಪ್ರೊಸೆಸರಿಗೆ ೨೦೧೩ರ ೩.೮ನೆಯ ಆವೃತ್ತಿಯಿಂದ ಬೆಂಬಲ ನಿಂತಿತು. ಮುಂದಿನ ಪ್ರೊಸೆಸರುಗಳಲ್ಲಿದ್ದ ಕೆಲವು ಆಜ್ಞೆಗಳು ಅದರಲ್ಲಿಲ್ಲದೆ, ಅದೊಂದಕ್ಕಾಗಿ ಬಳಸುದಾರಿಗಳನ್ನು ಕಾಪಾಡುವುದು ಹೊರೆಯಾಗಿತ್ತು. ಅತ್ತ, ೨೦೧೦ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿ ಹುಟ್ಟಿ, ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದಾದ ರಿಸ್ಕ್-ಫೈವ್ ವಿನ್ಯಾಸಕ್ಕೆ ೨೦೧೮ರ ೪.೧೫ನೆಯ ಆವೃತ್ತಿಯಲ್ಲಿ ಬಾಗಿಲು ತೆರೆಯಿತು. ಮದರಾಸಿನ ಐ.ಐ.ಟಿ.ಯ ‘ಶಕ್ತಿ’, ಸಿ-ಡ್ಯಾಕ್ ಸಂಸ್ಥೆಯ ‘ವೇಗ’ ಎಂಬ ನಮ್ಮ ದೇಶದ ಪ್ರೊಸೆಸರುಗಳು ಈ ವಿನ್ಯಾಸದವೇ. ಪ್ರೊಸೆಸರನ್ನು ರಚಿಸಿದರೆ ಸಾಲದು. ಅದಕ್ಕೊಪ್ಪುವ ತಿರುಳನ್ನು ಕಟ್ಟಬಲ್ಲವರೂ ಅದರೊಡನೆ ಬೆಳೆಯಬೇಕು.

ನಮ್ಮ ಗುಂಡು ಈಗಲೂ ಅದೇ ಒಂದು ಮೀಟರು ಬೀಳುತ್ತಿದೆ. ಗಣಕಕ್ಕೆ ಬೇರೆ ಕೆಲಸಗಳ ಹೊರೆಯಿದ್ದಾಗಲೂ ಉತ್ತರಗಳು ಮೊದಲಿನಂತೆ ಚೆದುರುತ್ತಿಲ್ಲ. ಉಳಿದಿರುವ ಅಲ್ಪಸ್ವಲ್ಪ ವ್ಯತ್ಯಾಸಕ್ಕೆ ಕಾರಣವನ್ನು ವಿದ್ಯಾರ್ಥಿಗಳು ವಿದ್ಯುತ್ಕಾಂತದಲ್ಲಿಯೂ ಬೆಳಕಿನ ಕಿರಣದ ದಪ್ಪದಲ್ಲಿಯೂ ಹುಡುಕುತ್ತಿದ್ದಾರೆ. ಅದು ಅವರು ಹುಡುಕತಕ್ಕ ದೋಷ. ಯಂತ್ರದ ದೋಷವನ್ನು ತಮ್ಮದೆಂದು ಹೊತ್ತುಕೊಳ್ಳುವ ಪ್ರಸಂಗ ಅವರಿಗೆ ಈಗ ಇಲ್ಲ.