ಹೊಸ ಪ್ರೊಸೆಸರಿಗೆ ಹಳೆಯ ತಂತ್ರಾಂಶ

ನೀವು ಯಾವ ಕಂಪನಿಯ ರೇಡಿಯೊ ಕೊಂಡರೂ ಬೆಂಗಳೂರು ಕೇಂದ್ರದ ವಾರ್ತೆಯನ್ನು ಕೇಳಬಹುದು. ಗಣಕಯಂತ್ರದ ವಿಷಯದಲ್ಲಿ ಹಾಗಲ್ಲ. ಅದರೊಳಗೆ ದುಡಿಯುವ ಪ್ರೊಸೆಸರಿಗೆ ತನ್ನದೇ ಆದ ಆಜ್ಞೆಗಳ ಭಾಷೆಯೊಂದುಂಟು. ಕೂಡು, ಕಳೆ, ಇಲ್ಲಿಂದ ತೆಗೆ, ಅಲ್ಲಿ ಇಡು ಎಂಬಂಥ ಪುಟ್ಟ ನಿಘಂಟು. ಒಂದು ಭಾಷೆಗೆ ಸಿದ್ಧಪಡಿಸಿದ ತಂತ್ರಾಂಶ ಮತ್ತೊಂದಕ್ಕೆ ಅರ್ಥವೇ ಆಗದು.

ಈ ಭಾಷೆಗಳಿಗೆ ಒಡೆಯರೂ ಇದ್ದಾರೆ. ಮೇಜಿನ ಗಣಕಗಳಲ್ಲಿ ಬಹುಪಾಲು ಇಂಟೆಲ್ ಸಂಸ್ಥೆಯಲ್ಲಿ ಹುಟ್ಟಿದ ಆಜ್ಞಾಭಾಷೆಯನ್ನು ಬಳಸುತ್ತವೆ. ಮೊಬೈಲುಗಳದು ಆರ್ಮ್ ಸಂಸ್ಥೆಯ ಭಾಷೆ. 2010ರಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಕ್ರಿಸ್ಟೆ ಅಸಾನೊವಿಚ್, ಡೇವಿಡ್ ಪ್ಯಾಟರ್ಸನ್ ಮತ್ತು ಅವರ ಶಿಷ್ಯರು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದಾದ ‘ರಿಸ್ಕ್-ಫೈವ್’ ಎಂಬ ಭಾಷೆಯನ್ನು ರೂಪಿಸತೊಡಗಿದರು. ಅದರ ಮೂಲ ಆಜ್ಞೆಗಳು ಕೇವಲ 40. ಉಳಿದುವನ್ನು ಬೇಕಾದಂತೆ ಸೇರಿಸಿಕೊಳ್ಳಬಹುದು. ಮದ್ರಾಸ್ ಐಐಟಿಯ ‘ಶಕ್ತಿ’, ಸಿ-ಡ್ಯಾಕ್ ಸಂಸ್ಥೆಯ ‘ವೇಗ’ ಎಂಬ ನಮ್ಮ ದೇಶದ ಪ್ರೊಸೆಸರುಗಳು ಆಡುವುದು ಇದೇ ಭಾಷೆಯನ್ನು.

ಭಾಷೆಯೇನೋ ಬಂದಿತು, ಅದರಲ್ಲಿ ಸಾಹಿತ್ಯ ಬೇಡವೆ? ಪರದೆಯ ಮೇಲಿನ ಕಿಟಕಿ, ಕಡತ, ಗುಂಡಿಗಳ ಏರ್ಪಾಟಿಗೆ ಡೆಸ್ಕ್‌ಟಾಪ್ ಎನ್ನುತ್ತಾರಷ್ಟೆ. ಗ್ನೋಮ್, ಕೆಡಿಇ ಎಂಬ ಡೆಸ್ಕ್‌ಟಾಪುಗಳ ಮೂಲಪಾಠ ಎಲ್ಲರಿಗೂ ತೆರೆದಿದೆ. ಗ್ರಂಥಲಿಪಿಯ ಓಲೆಯಲ್ಲಿರುವ ಸಂಸ್ಕೃತ ಕಾವ್ಯವನ್ನು ಲಿಪಿಕಾರನು ಕನ್ನಡ ಲಿಪಿಗೆ ಇಳಿಸುವಂತೆ, ಕಂಪೈಲರ್ ಎಂಬ ತಂತ್ರಾಂಶ ಆ ಪಾಠವನ್ನು ಹೊಸ ಪ್ರೊಸೆಸರಿನ ಭಾಷೆಗೆ ಇಳಿಸುತ್ತದೆ. ಆದರೆ ಓಲೆ ಕೈಗೆ ಸಿಕ್ಕರಲ್ಲವೆ ಪ್ರತಿ ಮಾಡುವುದು? ಮುಚ್ಚಿಟ್ಟ ತಂತ್ರಾಂಶವಾದರೆ ಒಡೆಯನ ಮರ್ಜಿ ಕಾಯಬೇಕು.

ಎಲ್ಲವೂ ಹೀಗೆ ಸಲೀಸಾಗಿ ಇಳಿಯುವುದಿಲ್ಲ. ಲಿಬ್ರೆಆಫೀಸಿನಲ್ಲಿ ತಂತ್ರಾಂಶದ ಭಾಗಗಳನ್ನು ಬೆಸೆಯುವ ಸೇತುವೆಯೊಂದನ್ನು ಪ್ರತಿ ಪ್ರೊಸೆಸರಿಗೂ ಬೇರೆಯಾಗಿಯೇ ಬರೆಯಬೇಕು. ಜಾಲಪುಟ ತೋರಿಸುವ ಬ್ರೌಸರ್ ಓಡುತ್ತಿರುವಾಗಲೇ ಯಂತ್ರದ ಆಜ್ಞೆಗಳನ್ನು ರಚಿಸಿಕೊಳ್ಳುವ ಆಶುಕವಿ. ಅದಕ್ಕೂ ಹೊಸ ಭಾಷೆ ಕಲಿಸಬೇಕು. ಎಲ್ಲಕ್ಕಿಂತ ತೊಡಕಿನದು ಚಿತ್ರ ಬಿಡಿಸುವ ಉಪಪ್ರೊಸೆಸರು. ಅದನ್ನು ನಡೆಸುವ ಪಾಠವನ್ನು ತಯಾರಕರು ಬಿಟ್ಟುಕೊಡದಿದ್ದರೆ ಮುಖ್ಯ ಪ್ರೊಸೆಸರೇ ಚುಕ್ಕೆ ಚುಕ್ಕೆಯನ್ನೂ ಲೆಕ್ಕ ಹಾಕಬೇಕು. ಕಿಟಕಿಯನ್ನು ಸರಿಸಿದರೆ ಅದು ತೆವಳುತ್ತದೆ. ಇಷ್ಟೆಲ್ಲ ಇದ್ದರೂ ಡೆಬಿಯನ್ ಬಳಗ 2023ರಲ್ಲಿ ರಿಸ್ಕ್-ಫೈವನ್ನು ಅಧಿಕೃತವಾಗಿ ಅಂಗೀಕರಿಸಿ, 2025ರ ಆಗಸ್ಟಿನಲ್ಲಿ ತನ್ನ 13ನೆಯ ಆವೃತ್ತಿಯೊಡನೆ ಹೊರತಂದಿತು.

ಕನ್ನಡಿಗರಿಗೆ ಇದರಿಂದ ಆದುದೇನು? ‘ಸ್ತ್ರೀ’ ಎಂಬ ಒಂದು ಅಕ್ಷರ ಗಣಕದೊಳಗೆ ಆರು ಸಂಕೇತಗಳ ಸಾಲು. ಒತ್ತುಗಳನ್ನು ಎಲ್ಲಿ ಕೂರಿಸಬೇಕೆಂದು ಫಾಂಟಿನ ನಿಯಮ ನೋಡಿ ನಿರ್ಧರಿಸುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಡೆಸ್ಕ್‌ಟಾಪಿನೊಡನೆ ಅದೂ ಬರುವುದರಿಂದ ಹೊಸ ಯಂತ್ರದಲ್ಲಿ ಒತ್ತಕ್ಷರಕ್ಕಾಗಿ ಯಾರಿಗೂ ಅರ್ಜಿ ಹಾಕಬೇಕಾಗಲಿಲ್ಲ. ನನ್ನ ಮಟ್ಟಿಗೆ ಇದೇ ದೊಡ್ಡ ಲಾಭ.

ಇನ್ನು ಕೃತಕ ಬುದ್ಧಿಮತ್ತೆ. ಹೆಸರು ದೊಡ್ಡದು, ಒಳಗಿನ ಕೆಲಸ ಮಗ್ಗಿಯದು. 100 ಕೋಟಿ ಅಂಕಗಳುಳ್ಳ ಸಣ್ಣ ಭಾಷಾಮಾದರಿಯೊಂದು ಪದದ ಒಂದು ತುಣುಕನ್ನು ಹೊರಡಿಸಲು ಸುಮಾರು 100 ಕೋಟಿ ಗುಣಾಕಾರ ಮಾಡಬೇಕು. ಒಂದೊಂದಾಗಿ ಮಾಡುತ್ತ ಕುಳಿತರೆ ಆದೀತೆ? ಅದಕ್ಕೆಂದೇ 2021ರಲ್ಲಿ ರಿಸ್ಕ್-ಫೈವ್ ಭಾಷೆಗೆ ‘ವೆಕ್ಟರ್’ ಆಜ್ಞೆಗಳನ್ನು ಸೇರಿಸಿ ಅಂಗೀಕರಿಸಿದರು. ಇಲ್ಲಿ ಒಂದು ಆಜ್ಞೆಗೆ ಅಂಕಗಳ ಇಡೀ ಸಾಲೇ ಗುಣಿತವಾಗುತ್ತದೆ. 256 ಬಿಟ್ ಅಗಲದ ಸಾಲಿನಲ್ಲಿ 8 ಬಿಟ್ಟಿನ 32 ಅಂಕಗಳು ಕೂರುತ್ತವೆ. ಇನ್ನೂ ಸೊಗಸೆಂದರೆ, ತಂತ್ರಾಂಶವೇ ಪ್ರೊಸೆಸರನ್ನು ‘ನೀನು ಒಮ್ಮೆಗೆ ಎಷ್ಟು ಹೊರಬಲ್ಲೆ?’ ಎಂದು ಕೇಳಿ ಅಷ್ಟೇ ಹೊರಿಸುತ್ತದೆ. ಹೀಗಾಗಿ ಒಮ್ಮೆ ಬರೆದ ಪಾಠ ಕಿರಿದಾದ ಯಂತ್ರಕ್ಕೂ ಅಗಲವಾದ ಯಂತ್ರಕ್ಕೂ ಸಲ್ಲುತ್ತದೆ. ಆದರೂ ಅಷ್ಟೂ ಅಂಕಗಳನ್ನು ಪ್ರತಿ ತುಣುಕಿಗೂ ಸ್ಮೃತಿಕೋಶದಿಂದ ತರಬೇಕಷ್ಟೆ. ಆ ದಾರಿ ಇಕ್ಕಟ್ಟಾದರೆ ವೆಕ್ಟರಿದ್ದೂ ನಿಧಾನವೇ. ಅದನ್ನು ಸಹಿಸಿದರೆ ನಿಮ್ಮ ಮಾತು, ಪತ್ರ ಹೊರಗಿನ ಕಂಪನಿಗೆ ಹೋಗದೆ ಮನೆಯ ಯಂತ್ರದಲ್ಲೇ ಸಂಸ್ಕಾರಗೊಳ್ಳಬಹುದು.

ಇಂದು ಕೊಳ್ಳಬಹುದೇ ಎನ್ನುವಿರಾದರೆ, ಕಲಿಯುವ ಆಸೆಯ ಮಕ್ಕಳಿರುವ ಮನೆಗೆ ಸರಿ, ದಿನದ ವ್ಯವಹಾರಕ್ಕೆ ಇನ್ನೂ ಬೇಡ. ಕೊಳ್ಳುವವರು ‘ಆರ್‌ವಿಎ-23’ ಎಂಬ 2024ರ ನಿಯಮಕ್ಕೆ ಹೊಂದುತ್ತದೆಯೆ ಎಂದು ವಿಚಾರಿಸಿಕೊಳ್ಳಿ. ವೆಕ್ಟರ್ ಆಜ್ಞೆಗಳು ಆ ನಿಯಮದಲ್ಲಿ ಕಡ್ಡಾಯ. 2025ರ ಅಕ್ಟೋಬರಿನ ಉಬುಂಟು ಅದಿಲ್ಲದ ಯಂತ್ರಗಳನ್ನು ಕೈಬಿಟ್ಟಿದೆ. ಮೊದಲೇ ಕೊಂಡವರು 2024ರ ಆವೃತ್ತಿಯಲ್ಲೇ ಉಳಿಯಬೇಕಾಗಿದೆ.