ನೇರಪ್ರಸಾರದ ವೇಳಾಪಟ್ಟಿ: ತಂತ್ರಾಂಶ ಕಾಲವನ್ನು ನಿಭಾಯಿಸುವ ಬಗೆ

ಹುಬ್ಬಳ್ಳಿಯ ರಾಜನಗರದಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನವಿದೆ. ರಣಜಿ ಪಂದ್ಯಗಳೂ ಕರ್ನಾಟಕ ಪ್ರೀಮಿಯರ್ ಲೀಗ್ ಪಂದ್ಯಗಳೂ ಇಲ್ಲಿ ನಡೆದಿವೆ. ನೇರಪ್ರಸಾರವಿರುವ ಪಂದ್ಯದ ದಿನ, ಮೈದಾನದಿಂದ ಒಂದು ಕಿಲೋಮೀಟರ್ ದೂರದಲ್ಲಿ, ಗೋಪನಕೊಪ್ಪದ ಕಡೆಯ ಮನೆಯೊಂದರಲ್ಲಿ ನೀವು ಟಿ.ವಿ. ಮುಂದೆ ಕುಳಿತಿದ್ದೀರಿ ಎಂದುಕೊಳ್ಳಿ. ಪರದೆಯ ಮೇಲೆ ಬೌಲರ್ ಇನ್ನೂ ಓಡಿ ಬರುತ್ತಿದ್ದಾನೆ. ಅಷ್ಟರಲ್ಲೇ ಕಿಟಕಿಯಾಚೆಯಿಂದ ಜನರ ಕೇಕೆ ಕೇಳಿಸಬಹುದು!

ಇದರಲ್ಲಿ ಪವಾಡವೇನಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ; ಕೇಕೆ ನಿಮ್ಮನ್ನು ತಲುಪಲು ಮೂರು ಸೆಕೆಂಡು ಸಾಕು. ಚಿತ್ರವಾದರೋ ಕ್ಯಾಮರಾ, ನಿಯಂತ್ರಣ ಕೊಠಡಿ, 35,786 ಕಿ.ಮೀ. ಎತ್ತರದ ಉಪಗ್ರಹ ಇವನ್ನೆಲ್ಲ ದಾಟಿ ಬರಬೇಕು. ಉಪಗ್ರಹಕ್ಕೆ ಹೋಗಿ ಬರಲು ಹಿಡಿಯುವುದು ಕಾಲು ಸೆಕೆಂಡು ಮಾತ್ರ. ಉಳಿದ ವಿಳಂಬ ಹೆಚ್ಚಾಗಿ ಚಿತ್ರವನ್ನು ಕುಗ್ಗಿಸಿ ಮತ್ತೆ ಹಿಗ್ಗಿಸುವ ಕೆಲಸದ್ದು. ಹಾಗಾದರೆ 'ನೇರ'ಪ್ರಸಾರದಲ್ಲಿ 'ಈಗ' ಎಂದರೆ ಯಾವಾಗ? ಪ್ರಸಾರದ ವೇಳಾಪಟ್ಟಿಯನ್ನು ನಡೆಸುವ ತಂತ್ರಾಂಶ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.

1968ರ ಪಾಠ

1968ರ ನವೆಂಬರ್ 17ರಂದು ಅಮೆರಿಕದ ಎನ್‌ಬಿಸಿ ವಾಹಿನಿ ಜೆಟ್ಸ್ ಮತ್ತು ರೈಡರ್ಸ್ ತಂಡಗಳ ಫುಟ್‌ಬಾಲ್ ಪಂದ್ಯವನ್ನು ಬಿತ್ತರಿಸುತ್ತಿತ್ತು. ಏಳು ಗಂಟೆಗೆ 'ಹೈಡಿ' ಎಂಬ ಚಲನಚಿತ್ರ ನಿಗದಿಯಾಗಿತ್ತು. ಆಟ ಮುಗಿಯಲು 65 ಸೆಕೆಂಡು ಬಾಕಿ ಇದ್ದಾಗ ಗಂಟೆ ಏಳಾಯಿತು. ದೇಶದ ಬಹುಭಾಗದಲ್ಲಿ ಪಂದ್ಯ ಮಾಯವಾಗಿ ಚಲನಚಿತ್ರ ಮೂಡಿತು. ಆಗ 32-29ರಿಂದ ಮುಂದಿದ್ದ ಜೆಟ್ಸ್, ಉಳಿದ ಅವಧಿಯಲ್ಲಿ 43-32ರಿಂದ ಸೋತಿತು. ಅದನ್ನು ನೋಡುವ ಭಾಗ್ಯ ವೀಕ್ಷಕರಿಗಿರಲಿಲ್ಲ. ಚಲನಚಿತ್ರವನ್ನು ತಡಮಾಡಲು ಅಧಿಕಾರಿಗಳು ತೀರ್ಮಾನಿಸಿದ್ದರು. ಆದರೆ ವೀಕ್ಷಕರ ಕರೆಗಳಿಂದ ದೂರವಾಣಿ ಕಿಕ್ಕಿರಿದು ಸಂದೇಶ ತಲುಪಬೇಕಾದವರಿಗೆ ತಲುಪಲಿಲ್ಲ.

ಅಂದು ಗಡಿಯಾರ ಸರಿಯಾಗಿಯೇ ಇತ್ತು. ಪಂದ್ಯ ಮುಗಿಯುವುದು ಗಡಿಯಾರದಿಂದಲ್ಲ, ಆಟದಿಂದ ಎಂಬುದಕ್ಕೆ ವೇಳಾಪಟ್ಟಿಯಲ್ಲಿ ಜಾಗವಿರಲಿಲ್ಲ.

ಮೂರು ಬಗೆಯ ಕಾಲ

ಟಿ.ವಿ.ಯವರು 'ರನ್‌ಡೌನ್' ಎಂದು ಕರೆಯುವ ಕಾರ್ಯಕ್ರಮ ಪಟ್ಟಿಯಲ್ಲಿ ಮೂರು ಬಗೆಯ ಕಾಲ ಬೆರೆತಿರುತ್ತದೆ. ಮೊದಲನೆಯದು ಗಡಿಯಾರದ ಕಾಲ: ಪಂದ್ಯದ ಆರಂಭ, ಬಾಡಿಗೆಗೆ ಪಡೆದ ಉಪಗ್ರಹ ಮಾರ್ಗದ ಅವಧಿ ಮುಗಿಯುವ ಹೊತ್ತು. ಎರಡನೆಯದು ಅವಧಿ: 30 ಸೆಕೆಂಡಿನ ಜಾಹೀರಾತು, 20 ನಿಮಿಷದ ವಿರಾಮ. ಮೂರನೆಯದು ಘಟನೆ: ಕೊನೆಯ ವಿಕೆಟ್ ಬಿದ್ದಾಗ, ಮಳೆ ನಿಂತಾಗ.

ಮಳೆಯಿಂದ ಪಂದ್ಯ 40 ನಿಮಿಷ ತಡವಾದರೆ ಪಟ್ಟಿಯ ಎಲ್ಲ ಸಾಲುಗಳಿಗೂ 40 ಕೂಡಿಸುವುದು ತಪ್ಪು. ಘಟನೆಗೆ ಅಂಟಿಕೊಂಡ ಸಾಲುಗಳು ಮುಂದೆ ಸರಿಯುತ್ತವೆ; ಉಪಗ್ರಹದ ಅವಧಿ ತಾನಾಗಿ ಸರಿಯದು. ಆದ್ದರಿಂದ ಪ್ರತಿ ಸಾಲಿಗೂ ಅದು ಯಾವ ಬಗೆಯ ಕಾಲ ಎಂದು ಗುರುತು ಹಾಕಿರಬೇಕು. ಎರಡಕ್ಕೆ ಘರ್ಷಣೆಯಾದರೆ ತಂತ್ರಾಂಶ ಮೊದಲೇ ಎಚ್ಚರಿಸಬೇಕು.

ಕೊನೆಯಿಂದ ಮೊದಲಿಗೆ

ಮಧ್ಯಾಹ್ನ 2ಕ್ಕೆ ಮೊದಲ ಚೆಂಡು, 1.30ಕ್ಕೆ ಟಾಸ್ ಎಂದಿಟ್ಟುಕೊಳ್ಳೋಣ. ಲೆಕ್ಕ 2 ಗಂಟೆಯಿಂದ ಹಿಂದಕ್ಕೆ ನಡೆಯುತ್ತದೆ. ಆಟಗಾರರ ಪ್ರವೇಶಕ್ಕೆ 2 ನಿಮಿಷ, ಅಂದರೆ 1.58, ಜಾಹೀರಾತಿಗೆ 3 ನಿಮಿಷ, 1.55, ಪಿಚ್ ವರದಿಗೆ 6 ನಿಮಿಷ, 1.49. ಟಾಸ್ ಮತ್ತು ನಾಯಕರ ಮಾತು 1.40ಕ್ಕೆ ಮುಗಿದರೆ ವಿಶ್ಲೇಷಕರ ಚರ್ಚೆಗೆ 9 ನಿಮಿಷ ಸಿಗುತ್ತದೆ; 1.44ಕ್ಕೆ ಮುಗಿದರೆ 5 ಮಾತ್ರ. ಚರ್ಚೆಯೇ ಇಲ್ಲಿ ಹಿಗ್ಗುವ, ಕುಗ್ಗುವ ಭಾಗ. ಇಂಥ ಒಂದು ಭಾಗವೂ ಇಲ್ಲದ ಪಟ್ಟಿ ಕಾಗದದ ಮೇಲಷ್ಟೇ ಚೆಂದ.

ಓವರುಗಳ ನಡುವಿನ ನಿಮಿಷ

ಪುರುಷರ ಏಕದಿನ ಮತ್ತು ಟಿ-20 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಐಸಿಸಿ 2023ರ ಡಿಸೆಂಬರಿನಲ್ಲಿ 'ಸ್ಟಾಪ್ ಕ್ಲಾಕ್' ಪ್ರಯೋಗ ಆರಂಭಿಸಿ, 2024ರ ಜೂನ್‌ನಲ್ಲಿ ಅದನ್ನು ಖಾಯಂ ಮಾಡಿತು. ಒಂದು ಓವರ್ ಮುಗಿದ 60 ಸೆಕೆಂಡುಗಳೊಳಗೆ ಮುಂದಿನದಕ್ಕೆ ಸಿದ್ಧವಾಗಬೇಕು. ಎರಡು ಎಚ್ಚರಿಕೆಗಳ ನಂತರವೂ ತಪ್ಪಿದರೆ 5 ರನ್ ದಂಡ. ಹಾಗಾದರೆ 60 ಸೆಕೆಂಡು ಜಾಹೀರಾತು ತುಂಬಬಹುದೇ? ಕೂಡದು. ಅರವತ್ತು ಗರಿಷ್ಠ ಮಿತಿ. ಬೌಲರ್ ನಲವತ್ತಕ್ಕೇ ಓಡತೊಡಗಬಹುದು. ಆದ್ದರಿಂದ ಮೈದಾನಕ್ಕೆ ಮರಳುವ ಗುಂಡಿ ಮನುಷ್ಯನ ಕೈಯಲ್ಲಿರುತ್ತದೆ. ಉಳಿದ ಸೆಕೆಂಡುಗಳನ್ನು ಎಣಿಸಿ ತೋರಿಸುವುದು ತಂತ್ರಾಂಶದ ಕೆಲಸ.

ಜಾರುವ ಸೆಕೆಂಡುಗಳು

'ಒಂದು ಸೆಕೆಂಡು ಕಾಯಿ, ಎಣಿಕೆಯಿಂದ ಒಂದು ಕಳೆ' ಎಂದು ಪ್ರೋಗ್ರಾಮ್ ಬರೆಯುವುದು ವಿದ್ಯಾರ್ಥಿಗಳು ಮಾಡುವ ಸಾಮಾನ್ಯ ತಪ್ಪು. ಪ್ರತಿ ಸುತ್ತಿಗೂ ಒಂದು ಮಿಲಿಸೆಕೆಂಡು ಹೆಚ್ಚು ಹಿಡಿದರೂ ಮೂರು ಗಂಟೆಯ 10,800 ಸುತ್ತುಗಳಲ್ಲಿ 10.8 ಸೆಕೆಂಡಿನ ದೋಷ ಕೂಡುತ್ತದೆ. ಆರಂಭದ ಕ್ಷಣವನ್ನು ಬರೆದಿಟ್ಟುಕೊಂಡು ಪ್ರತಿ ಬಾರಿಯೂ 'ಈಗ'ದಿಂದ ಅದನ್ನು ಕಳೆದರೆ ದೋಷ ಹೀಗೆ ಕೂಡುತ್ತ ಹೋಗದು.

ಆದರೆ ಆ 'ಈಗ' ಎಲ್ಲಿಂದ ಬರಬೇಕು? ಕಂಪ್ಯೂಟರಿನ ಸ್ಫಟಿಕ ಗಡಿಯಾರ ಹತ್ತು ಲಕ್ಷಕ್ಕೆ 20 ಭಾಗದಷ್ಟು ತಪ್ಪಿದರೆ ದಿನಕ್ಕೆ 1.7 ಸೆಕೆಂಡು ಜಾರುತ್ತದೆ. ಇದನ್ನು ತಿದ್ದಲು ಡೇವಿಡ್ ಮಿಲ್ಸ್ 1985ರಲ್ಲಿ ರೂಪಿಸಿದ ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್ ಬಳಕೆಯಲ್ಲಿದೆ. ತಿದ್ದುವಾಗ ಗಡಿಯಾರ ಕೆಲವೊಮ್ಮೆ ಹಿಂದಕ್ಕೂ ಹಾರಬಹುದು. ಆದ್ದರಿಂದ ಅವಧಿ ಅಳೆಯಲು, ಎಂದೂ ಹಿಂದಕ್ಕೆ ಹೋಗದ ಪ್ರತ್ಯೇಕ ಎಣಿಕೆಯನ್ನು ಬಳಸಬೇಕು. ದಿನದ ಹೊತ್ತು ತಿಳಿಯಲು ಮಾತ್ರ ಗೋಡೆ ಗಡಿಯಾರದ ವೇಳೆ.

ಕ್ಯಾಮರಾಗಳಿಗೆ ಇದೂ ಸಾಲದು. ಸೆಕೆಂಡಿಗೆ 25 ಫ್ರೇಮ್ ಎಂದರೆ ಒಂದಕ್ಕೆ 0.04 ಸೆಕೆಂಡು. ರನೌಟ್ ನಿರ್ಣಯಕ್ಕೆ ಎರಡು ಕ್ಯಾಮರಾಗಳ ಚಿತ್ರವನ್ನು ಜೊತೆಗಿಟ್ಟು ನೋಡುವಾಗ ಒಂದು ಫ್ರೇಮ್ ತಪ್ಪಿದರೂ ಬ್ಯಾಟ್ ಗೆರೆಯ ಈಚೆಯೋ ಆಚೆಯೋ ಎಂಬುದೇ ಬದಲಾಗಬಹುದು. ಅದಕ್ಕಾಗಿ ಎಲ್ಲ ಕ್ಯಾಮರಾಗಳಿಗೂ ಒಂದೇ ಮೂಲ ಗಡಿಯಾರದ ಸಂಕೇತ ಕೊಡುತ್ತಾರೆ. ಜಾಲದ ಮೂಲಕ ಮೈಕ್ರೋಸೆಕೆಂಡಿನ ನಿಖರತೆಯಲ್ಲಿ ಹೀಗೆ ಹೊಂದಿಸುವ ಐಇಇಇ 1588 ಮಾನಕ 2002ರಲ್ಲಿ ಬಂತು.

ಇನ್ನು ವಿದೇಶದ ವೀಕ್ಷಕರ ವಿಷಯ. ಲಂಡನ್ನಿಗೂ ನಮಗೂ ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಅಂತರ. ಹಾಗಾಗಿ ಕಾಲವನ್ನು ಯುಟಿಸಿಯಲ್ಲಿ ದಾಖಲಿಸಿ, ಪರದೆಯ ಮೇಲೆ ತೋರಿಸುವಾಗ ಮಾತ್ರ ಸ್ಥಳೀಯ ವೇಳೆಗೆ ಬದಲಿಸುವುದು ಕ್ಷೇಮ.

ಮಾಡಿ ನೋಡಿ

ನಿಮ್ಮ ಶಾಲೆಯ ಕ್ರೀಡಾಕೂಟದ ಪಟ್ಟಿಯನ್ನು ತೆಗೆದುಕೊಳ್ಳಿ. ಪ್ರತಿ ಸಾಲಿನ ಮುಂದೆ ಗಡಿಯಾರ, ಅವಧಿ, ಘಟನೆ ಎಂದು ಗುರುತಿಸಿ. ಮುಖ್ಯ ಅತಿಥಿ ಹಿಡಿಯಬೇಕಾದ ರೈಲು ಗಡಿಯಾರದ ಕಾಲ. ಬಹುಮಾನ ವಿತರಣೆ ಕೊನೆಯ ಓಟ ಮುಗಿದ ಮೇಲಿನ ಘಟನೆ. ಈಗ ಉದ್ಘಾಟನೆ 15 ನಿಮಿಷ ತಡವಾಯಿತೆಂದು ಭಾವಿಸಿ, ಆ 15 ನಿಮಿಷವನ್ನು ಯಾವ ಸಾಲುಗಳಿಂದ ಕಳೆಯಬಹುದೆಂದು ವಿದ್ಯಾರ್ಥಿಗಳನ್ನು ಕೇಳಿ. ಓಟದ ಅಂಕಣದಿಂದ ಕಳೆಯಲಾಗದು, ಭಾಷಣದಿಂದ ಕಳೆಯಬಹುದು ಎಂದು ಅವರು ಕಂಡುಕೊಂಡರೆ ತಂತ್ರಾಂಶದ ಅರ್ಧ ಭಾಗವನ್ನು ಬರೆದಂತೆಯೇ.