ಲೋಹದ ಕಿರುಗಣಗಳಲ್ಲಿ ಜಾಲಕಕಂಪನ ಮತ್ತು ಅತಿವಾಹಕತೆ

1911ರಲ್ಲಿ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನ್ನೆಸರು ಪಾದರಸವನ್ನು ಸುಮಾರು 4.2 ಕೆಲ್ವಿನ್ನಿಗೆ ತಣಿಸಿದಾಗ ಅದರ ವಿದ್ಯುದ್ರೋಧವು ಒಮ್ಮೆಗೇ ಮಾಯವಾಯಿತು. ಈ ಅತಿವಾಹಕತೆಯಲ್ಲಿ ಸ್ಫಟಿಕಜಾಲಕದ ಕೈವಾಡವುಂಟೆಂಬುದಕ್ಕೆ ಸಾಕ್ಷ್ಯ ದೊರೆತದ್ದು 1950ರಲ್ಲಿ. ಪಾದರಸದ ಭಾರವಾದ ಐಸೊಟೋಪುಗಳು ಹಗುರವಾದವುಗಳಿಗಿಂತ ತುಸು ಕಡಮೆ ಉಷ್ಣತೆಯಲ್ಲಿ ಅತಿವಾಹಕಗಳಾದುವು. ಎಲೆಕ್ಟ್ರಾನೊಂದು ಸಾಗುವಾಗ ಸುತ್ತಣ ಧನ ಅಯಾನುಗಳನ್ನು ತನ್ನೆಡೆಗೆ ಎಳೆಯುತ್ತದೆ. ಅವು ಸ್ವಸ್ಥಾನಕ್ಕೆ ಮರಳುವುದರೊಳಗೆ ಇನ್ನೊಂದು ಎಲೆಕ್ಟ್ರಾನು ಅತ್ತ ಸೆಳೆಯಲ್ಪಟ್ಟು ಜೋಡಿಯಾಗುತ್ತದೆ. 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಕಟ್ಟಿದ ಸಿದ್ಧಾಂತದ ತಿರುಳು ಇದು.

ಲೋಹವನ್ನು ಕೆಲವೇ ನ್ಯಾನೊಮೀಟರುಗಳ ಕಣವಾಗಿಸಿದರೆ ಏನಾದೀತು? 5 ನ್ಯಾನೊಮೀಟರಿನ ಕಣದಲ್ಲಿ, ಸ್ಥೂಲ ಲೆಕ್ಕಕ್ಕೆ, ಕಾಲುಪಾಲು ಪರಮಾಣುಗಳು ಮೇಲ್ಮೈಯಲ್ಲಿಯೇ ಇರುತ್ತವೆ. ನೆರೆಯವು ಕಡಮೆಯಾದುದರಿಂದ ಅವುಗಳ ಬಂಧ ಸಡಿಲ, ಕಂಪನ ನಿಧಾನ. ಇಲ್ಲಿ ವಿದ್ಯಾರ್ಥಿಯು ಸಹಜವಾಗಿಯೇ ತೊಡಕಿಗೆ ಸಿಲುಕುತ್ತಾನೆ. ಭಾರವಾದ ಐಸೊಟೋಪಿನಲ್ಲಿಯೂ ಕಂಪನ ನಿಧಾನವೇ. ಅಲ್ಲಿ ಸಂಕ್ರಮಣ ಉಷ್ಣತೆ ಇಳಿಯಿತಲ್ಲವೆ? ಹೌದು. ಆದರೆ ಅಲ್ಲಿ ಬದಲಾದುದು ತೂಕ ಮಾತ್ರ, ಬಂಧದ ಬಿಗಿತವಲ್ಲ. ಎಲೆಕ್ಟ್ರಾನಿನ ಎಳೆತಕ್ಕೆ ಜಾಲಕವು ಎಷ್ಟು ಬಾಗುವುದೆಂಬುದನ್ನು ನಿರ್ಧರಿಸುವುದು ಈ ಬಿಗಿತ. ಬಂಧವೇ ಸಡಿಲವಾದಾಗ ಜಾಲಕ ಹೆಚ್ಚು ಬಾಗುತ್ತದೆ, ಜೋಡಿಸುವ ಬಲ ಹೆಚ್ಚುತ್ತದೆ. ಸಂಕ್ರಮಣ ಉಷ್ಣತೆಯು ಕಂಪನಾಂಕವನ್ನು ನೇರ ಅನುಪಾತದಲ್ಲಿ ಅನುಸರಿಸಿದರೆ, ಈ ಬಲವು ದುರ್ಬಲವಾಗಿರುವಲ್ಲಿ ಅದನ್ನು ಘಾತೀಯವಾಗಿ ಅನುಸರಿಸುತ್ತದೆ. ಹಾಗಾಗಿ ಒಟ್ಟಿನಲ್ಲಿ ಏರಿಕೆಯೇ ಆಗಬಹುದು.

ತವರದಲ್ಲಿ ಇದು ಕಂಡುಬಂದಿದೆ. ಗಟ್ಟಿ ತವರದ ಸಂಕ್ರಮಣ ಉಷ್ಣತೆ 3.7 ಕೆಲ್ವಿನ್. 1954ರಲ್ಲಿ ಬುಕೆಲ್ ಮತ್ತು ಹಿಲ್ಷ್ ಅತಿಶೀತ ಫಲಕದ ಮೇಲೆ ಶೇಖರಿಸಿದ ಸೂಕ್ಷ್ಮಕಣಗಳ ಪೊರೆಯಲ್ಲಿ ಅದು 4.7ರ ಆಸುಪಾಸಿಗೆ ಏರಿತು. 1.2 ಕೆಲ್ವಿನ್ನಿನ ಅಲ್ಯೂಮಿನಿಯಂ, ಕಣಮಯ ಪೊರೆಗಳಲ್ಲಿ 2 ಕೆಲ್ವಿನ್ನನ್ನು ಮೀರಿತು. ಸೀಸದಲ್ಲಿ ಜೋಡಿಸುವ ಬಲ ಮೊದಲೇ ಪ್ರಬಲವಾದುದರಿಂದ ಇಂತಹ ಲಾಭ ಕಾಣದು.

ನಿಯೋಬಿಯಂ ಕಥೆಯಂತೂ ತಿರುಗುಮುರುಗು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು 2005ರಲ್ಲಿ ಪ್ರಕಟಿಸಿದಂತೆ, ಕಣವು 8 ನ್ಯಾನೊಮೀಟರಿಗೆ ಕುಗ್ಗಿದಾಗ ಸಂಕ್ರಮಣ ಉಷ್ಣತೆ 9.4ರಿಂದ ಅದರ ಅರ್ಧಕ್ಕಿಳಿಯಿತು. ಇದಕ್ಕೆ ಅವರು ಕಂಡ ಮುಖ್ಯ ಕಾರಣ ಜಾಲಕದ್ದಲ್ಲ, ಎಲೆಕ್ಟ್ರಾನುಗಳ ಸ್ಥಿತಿಸಾಂದ್ರತೆಯ ಕುಸಿತ. ಕಣ ಇನ್ನೂ ಕಿರಿದಾಗಿ ಶಕ್ತಿಮಟ್ಟಗಳ ನಡುವಣ ಅಂತರವು ಅತಿವಾಹಕದ ಶಕ್ತಿವಿರಾಮಕ್ಕೆ ಸಮನಾದರೆ ಅತಿವಾಹಕತೆಯೇ ಉಳಿಯದೆಂದು ಆಂಡರ್ಸನ್ 1959ರಲ್ಲಿಯೇ ಸೂಚಿಸಿದ್ದರು.

ಆದುದರಿಂದ ಉಷ್ಣತೆ ಏರಿದೊಡನೆ ಜಾಲಕವು ಮೆದುವಾಯಿತೆಂದು ಹೇಳಿಬಿಡುವುದನ್ನು ನಾವು ಒಪ್ಪಲಾರೆವು; ಅಲ್ಯೂಮಿನಿಯಂ ವಿಷಯದಲ್ಲಿ ಇಂದಿಗೂ ಒಮ್ಮತವಿಲ್ಲ. ಕಂಪನಗಳನ್ನೇ ಅಳೆಯಬೇಕು. ತವರದ ನ್ಯಾನೊರಚನೆಗಳಲ್ಲಿ, 119 ದ್ರವ್ಯರಾಶಿಯ ಐಸೊಟೋಪಿನ ಬೀಜಗಳು ಕ್ಷ-ಕಿರಣಗಳಿಗೆ ತೋರುವ ಅನುರಣನದ ನೆರವಿನಿಂದ, ಈ ಅಳತೆ ನಡೆದಿದೆ; ಅಲ್ಲಿ ಕಂಪನಗಳು ಮೆದುವಾದುದು ನೇರವಾಗಿ ಕಂಡಿದೆ.